ನಮ್ಮವರ ಸೊಪ್ಪು

ಮಠಕ್ಕೆ ಹೊಸದಾಗಿ ಬಂದಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ತಾಯಿ ಒಂದು ದಿನವೂ ನನ್ನನ್ನು ಮುದ್ದಿನ ಮಾತಿನಲ್ಲಿ ಕರೆದವಳಲ್ಲ. ಈಗ ಅವಳೇ ಇಲ್ಲ. ನನ್ನ ಮೇಲೆ ಅವಳಿಗೆ ಪ್ರೀತಿ ಇತ್ತೇ ಎಂದು ಇನ್ನು ಯಾರನ್ನು ಕೇಳಲಿ?"

ಗುರು ಹೇಳಿದರು:

ಒಂದು ಹುಲ್ಲುಗಾವಲಿನಲ್ಲಿ ಒಬ್ಬ ಕುರಿಗಾಹಿ ಇದ್ದ. ಅವನ ಹೆಂಡತಿ ಬೇರೆ ಸೀಮೆಯ ಹುಲ್ಲುಗಾವಲಿನಿಂದ ಬಂದವಳು. ಯಾವ ಹುಲ್ಲು ಹಾಲಿಗೆ, ಯಾವುದು ಮೈಗೆ, ಜಾಲಿಕಾಯಿ ಎಷ್ಟು ತಿಂದರೆ ಹಿತ, ಬಾಡಿದ ಜೋಳದ ಸುಳಿ ಯಾಕೆ ವಿಷ, ಎಲ್ಲ ಬಲ್ಲವಳು. ಗಂಡ ಕುರಿ ಕಾಯುತ್ತಿದ್ದ, ಅಷ್ಟೆ, ಮೇಯಿಸುತ್ತಿದ್ದವಳು ಅವಳು.

ಮರಿ ಹಾಕಿದ ಕುರಿಗೆ ಹಾಲು ಇಳಿಯದಿದ್ದರೆ ಅವಳು ಯಾವುದೋ ಸೊಪ್ಪು ತಂದು ತಿನ್ನಿಸುತ್ತಿದ್ದಳು. ಏನದು ಎಂದು ಗಂಡ ಕೇಳಿದರೆ, "ನಮ್ಮವರ ಸೊಪ್ಪು" ಎಂದು ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದಳು. ಅವನಿಗೆ ಒಳಗೇ ಉರಿಯುತ್ತಿತ್ತು. ತಲೆ ನರೆಯುತ್ತ ಬಂದರೂ ಇವಳಿಗೆ ತವರಿನವರೇ ನಮ್ಮವರು! ಆ ಸಿಟ್ಟಿಗೆ ಸೊಪ್ಪಿನ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಅವಳು ಸತ್ತಳು. ಅವಳು ಕೈತುತ್ತು ಕೊಟ್ಟು ಸಾಕಿದ್ದ ಕುರಿ ಮುಂದಿನ ಕಾರ್ತಿಕದಲ್ಲಿ ಮರಿ ಹಾಕಿತು. ಕೆಚ್ಚಲಲ್ಲಿ ಹಾಲಿಲ್ಲ. ಮರಿ ಚೀಪಿ ಚೀಪಿ ಸೋತು ಮಲಗಿತು. ಬೇರೆ ಕುರಿಗಳು ಅದನ್ನು ಹತ್ತಿರ ಸೇರಿಸಲಿಲ್ಲ. ಅವಳದೆಂದು ಅವನಿಗೆ ಉಳಿದಿದ್ದು ಆ ಕುರಿ, ಆ ಮರಿ. ಊರಿನವರನ್ನೆಲ್ಲ ಕೇಳಿದ. ಅಂಥ ಸೊಪ್ಪಿನ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಅವಳ ತವರಿನಲ್ಲಾದರೂ ಸಿಕ್ಕೀತೆಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಕುರಿಯನ್ನು ಹೊಡೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವಳದೇ ನೆನಪು. ಒಂದೇ ಒಂದು ಸಲ ಬಂದು ಆ ಸೊಪ್ಪು ತೋರಿಸಿ ಹೋಗಬಾರದೇ ಎಂದು ನಡುಬಯಲಿನಲ್ಲಿ ನಿಂತು ಅತ್ತುಬಿಟ್ಟ.

ಅತ್ತೆ ಬಾಗಿಲಲ್ಲಿ ಕೂತಿದ್ದಳು.

"ಅತ್ತೇ, ಹಾಲು ಇಳಿಸೋ ನಿಮ್ಮ ಕಡೆಯೋರ ಸೊಪ್ಪು ಎಲ್ಲೈತೆ? ನಿಮ್ಮ ಮಗಳು ನಮ್ಮವರ ಸೊಪ್ಪು ಅಂತಿದ್ಲು."

ಮುದುಕಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಬೇಲಿಯಿಂದ ಬಳ್ಳಿಯೊಂದನ್ನು ಕಿತ್ತು ಕುರಿಯ ಮುಂದೆ ಹಾಕಿದಳು. ಅವನ ಗುಡಿಸಲಿನ ಸುತ್ತಲೂ ಹಬ್ಬಿದ್ದ, ಅವನು ದಿನಾ ತುಳಿದಾಡುತ್ತಿದ್ದ ಬಳ್ಳಿ ಅದು.

"ಇದಕ್ಕೆ ನಮ್ಮ ಕಡೆ ಕಾಟಯ್ಯನ ಬಳ್ಳಿ ಅಂತೀವಿ, ಅಳಿಯಪ್ಪಾ. ಕಟ್ಟಿಕೊಂಡ ಗಂಡನ ಹೆಸರನ್ನ ನನ್ನ ಮಗಳು ಹೆಂಗೆ ಬಾಯಾಗೆ ತಂದಾಳು?"

ಕಾಟಯ್ಯ ಕುರಿಯ ಪಕ್ಕದಲ್ಲಿ ಕೂತು ಬಳ್ಳಿಯನ್ನು ತನ್ನ ಕೈಯಾರೆ ತಿನ್ನಿಸಿದ. ಮರಿಯ ಬಾಯಲ್ಲಿ ಹಾಲಿನ ನೊರೆ ಕಾಣುವವರೆಗೂ ಅತ್ತೆಯ ಮನೆಯಲ್ಲೇ ಉಳಿದು, ಆಮೇಲೆ ಊರಿನ ದಾರಿ ಹಿಡಿದ. ನಮ್ಮವರು, ನಮ್ಮವರು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ನಡೆದ. ಆ ಮಾತನ್ನು ಅವಳ ಬಾಯಿಂದ ಇನ್ನೊಂದು ಸಲ ಕೇಳುವ ಆಸೆ ಅವನನ್ನು ಸಾಯುವ ತನಕ ಬಿಡಲಿಲ್ಲ.

ಕತೆ ಮುಗಿಸಿ ಗುರು ಶಿಷ್ಯನ ಕಡೆ ತಿರುಗಿದರು. "ಈಗ ನೀನು ಹೇಳಪ್ಪ, ನಿನ್ನ ತಾಯಿ ದಿನಾ ನಿನ್ನ ತಟ್ಟೆಗೆ ಏನು ಬಡಿಸುತ್ತಿದ್ದಳು?"