ಗಂಧ ಹಚ್ಚಿದ ಪೆಟ್ಟಿಗೆ

"ಮೇಷ್ಟ್ರೇ, ಈ ವೈಫೈ ಪೆಟ್ಟಿಗೇನ ಯಾವಾಗ ಬದಲಾಯಿಸೋದು?" ಅಂತ ವಾರಿಜಾ ಕೇಳಿದ್ಲು.

ಆಗಷ್ಟೇ ಸಂಜೆ ಪಾಠ ಮುಗಿದಿತ್ತು. ಶ್ರೀಕಂಠ ಮೇಷ್ಟ್ರು ಗಮಕ ಹೇಳಿಕೊಡ್ತಿದ್ರು, ಅಂದ್ರೆ ಹಳೇ ಕಾವ್ಯಗಳನ್ನ ರಾಗವಾಗಿ ಓದೋದು. ಅವರಿಗೆ ಎಂಬತ್ತೊಂದು ವರ್ಷ. ವಾರಿಜಾ ಅವರ ಹತ್ರ ಹದಿನಾಲ್ಕು ವರ್ಷದಿಂದ ಕಲೀತಿದ್ಲು. ದಿನಾ ಪೋಸ್ಟಾಫೀಸಿನ ಕೆಲಸ ಮುಗಿಸಿ ಬಂದು, ಮೇಷ್ಟ್ರ ಫೋನನ್ನ ಪುಸ್ತಕಕ್ಕೆ ಒರಗಿಸಿ, ಊರೂರಲ್ಲಿರೋ ಹತ್ತೊಂಬತ್ತು ಶಿಷ್ಯರ ಮನೆಗೆ ಪಾಠ ಮುಟ್ಟಿಸೋದು ಅವಳ ಸೇವೆ. ಈಗ ಹತ್ತೊಂಬತ್ತು ಹೋಗಿ ಏಳಾಗಿತ್ತು.

ಪೆಟ್ಟಿಗೆ ಹಳೇದು, ನಿಜ. ಆದ್ರೆ ಪಾಠ ಅರ್ಧಕ್ಕೇ ನಿಲ್ಲೋದಕ್ಕೆ ಕಾರಣ ಬೇರೆ ಇತ್ತು. ಮೇಷ್ಟ್ರು ಪದ್ಯದ ನಡುವೆ ಸಾಲು ಮರೀತಿದ್ರು. ಮರೆತು, ಮತ್ತೆ ಮೊದಲ್ನೇ ಸಾಲಿಗೇ ಹೋಗ್ತಿದ್ರು. ಹಾಗಾದಾಗೆಲ್ಲ ವಾರಿಜಾ ಚಾಪೆ ಪಕ್ಕದಲ್ಲಿರೋ ಪೆಟ್ಟಿಗೆಯ ವೈರನ್ನ ಕಾಲ್ಬೆರಳಲ್ಲಿ ಮೆಲ್ಲಗೆ ಎಳೆದುಬಿಡೋಳು. ಆಮೇಲೆ ತನ್ನ ಫೋನಿಂದ ಎಲ್ಲರಿಗೂ ಬರೆಯೋಳು, ನೆಟ್ಟು ಹೋಯ್ತು, ಕ್ಷಮಿಸಿ ಅಂತ. ಮೇಷ್ಟ್ರಿಗೆ ಮರೆವು ಅಂತ ಯಾರೂ ಆಡ್ಕೋಬಾರ್ದು, ಅಷ್ಟೇ ಅವಳಿಗೆ ಬೇಕಿದ್ದಿದ್ದು.

ಇವತ್ತೂ ಅವಳು ವೈರು ಎಳೆದಾಗ ಒಬ್ಬ ಶಿಷ್ಯ ಕೋಪ ಮಾಡ್ಕೊಂಡು ಬರೆದಿದ್ದ, ಮೊದಲು ಆ ಪೆಟ್ಟಿಗೆ ಬದಲಾಯಿಸಿ, ಇಲ್ಲಾಂದ್ರೆ ನಾನೂ ಬಿಡ್ತೀನಿ ಅಂತ. ಅದಕ್ಕೇ ಅವಳು ಕೇಳಲೇಬೇಕಾಯ್ತು. ಹೊಸ ಪೆಟ್ಟಿಗೆ ಬಂದ್ರೆ ಹೇಳೋಕೆ ಯಾವ ನೆಪಾನೂ ಉಳಿಯಲ್ಲ. ಇನ್ನೊಂದಿಷ್ಟು ದಿನ ಇರಲಿ ಬಿಡಮ್ಮ ಅಂತ ಮೇಷ್ಟ್ರು ಅಂದ್ಬಿಡ್ಲಿ ಅಂತ ಅವಳು ಮನಸ್ಸಲ್ಲೇ ಬೇಡ್ಕೊಳ್ತಿದ್ಲು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆ ಅಂಚಲ್ಲಿ ಒರೆಸಿದ್ರು. ಕೂತ್ಕೋ, ಒಂದು ಕತೆ ಇದೆ ಅಂದ್ರು.

ಒಂದೂರಲ್ಲಿ ಒಬ್ಬಳು ಹೊಲಿಗೆಯವಳು ಇದ್ಲು. ದೂರದೂರಲ್ಲಿ ಅವಳಿಗೊಬ್ಬಳು ಅಕ್ಕ. ಅಕ್ಕನಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಬಾಯೂ ಬರಲ್ಲ. ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿ, ಜಗಳ ಆಡಿ ಬೆಳೆದವರು. ಹುಣಸೆಹಣ್ಣಿಗೆ ಒಂದು ಸನ್ನೆ, ಅತ್ತೆಗೆ ಒಂದು ಸನ್ನೆ. ನಿನ್ನ ನೆನಪಾಗುತ್ತೆ ಅನ್ನೋದಕ್ಕೂ ಒಂದಿತ್ತು: ಎಡಗೈ ಎತ್ತಿ ಮೂಗುಬೊಟ್ಟು ಮುಟ್ಕೊಳ್ಳೋದು.

ದಿನಾ ಮಧ್ಯಾಹ್ನ ಊಟ ಆದ್ಮೇಲೆ ಇಬ್ಬರೂ ಫೋನಲ್ಲಿ ಮುಖ ನೋಡ್ಕೊಂಡು ಮಾತಾಡೋರು. ಅದಕ್ಕಂತಲೇ ತಂಗಿ ಮನೆಗೆ ವೈಫೈ ಪೆಟ್ಟಿಗೆ ಹಾಕಿಸಿದ್ಲು. ಅದರ ಮೇಲೆ ಅವಳಿಗೆ ಬಲು ಭಕ್ತಿ. ಆಯುಧಪೂಜೆ ದಿನ ಹೊಲಿಗೆ ಮಿಷನ್ನು, ಕತ್ತರಿ, ಟೇಪು ಎಲ್ಲಕ್ಕೂ ಗಂಧ ಕುಂಕುಮ ಇಡೋವಾಗ ಅದಕ್ಕೂ ಇಡೋಳು. ಇಟ್ಟಿದ್ದನ್ನ ಒರೆಸಿದ್ರೆ ಪಾಪ ಅಂತ ಹಾಗೇ ಬಿಡೋಳು. ಎಂಟು ವರ್ಷಕ್ಕೆ ಎಂಟು ಪದರ ಆಯ್ತು. ಗಾಳಿ ಆಡೋ ತೂತೆಲ್ಲ ಮುಚ್ಚಿಹೋಯ್ತು. ಸಾಲದೂಂತ ಧೂಳು ಕೂರದೆ ಇರಲಿ ಅಂತ ರವಿಕೆ ಬಟ್ಟೇಲಿ ಒಂದು ಅಂಗೀನೂ ಹೊಲಿದು ತೊಡಿಸಿದ್ಲು.

ಪೆಟ್ಟಿಗೆ ಬಿಸಿಯಾಗಿ ನಿಂತುಹೋಗೋಕೆ ಶುರುವಾಯ್ತು. ಅಕ್ಕ ಕೈ ಎತ್ತೋಳು, ಚಿತ್ರ ಅಲ್ಲೇ ಕಚ್ಚಿಕೊಳ್ಳೋದು. ಅರ್ಧ ಎದ್ದ ಕೈ, ಅರ್ಧ ಉಳಿದ ಮಾತು. ತಂಗಿ ಸ್ವಿಚ್ಚು ಆರಿಸಿ, ಎತ್ತಿನ ನೊಗ ಇಳಿಸಿದ ಹಾಗೆ ಅದನ್ನ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಚ್ಚೋಳು. ಪಕ್ಕದ ಮನೆಯವರು ಬದಲಾಯಿಸು ಅಂದ್ರೆ ಅವಳಿಗೆ ಕೋಪ. ಇಷ್ಟು ವರ್ಷ ನನ್ನಕ್ಕನ್ನ ಕರ್ಕೊಂಡು ಬಂದು ಎದುರಿಗೆ ಕೂರಿಸಿದ್ದು ಇದೇ, ಉರಿಯೋ ದೀಪಾನ ಯಾರಾದ್ರೂ ಆರಿಸ್ತಾರಾ ಅನ್ನೋಳು.

ಒಂದು ದಿನ ಅಕ್ಕ ಫೋನು ಎತ್ತಲಿಲ್ಲ. ಮಾರನೇ ದಿನಾನೂ ಇಲ್ಲ. ಆರನೇ ದಿನ ಎರಡು ಸಾಲು ಬರೆದು ಕಳಿಸಿದ್ಲು: "ನಾನು ಮಾತಾಡ್ತಿದ್ರೆ ನೀನು ಕಲ್ಲಿನ ಹಾಗೆ ಕೂತಿರ್ತೀಯ, ಆಮೇಲೆ ಎದ್ದು ಹೋಗ್ತೀಯ. ನಿನಗೆ ನಾನು ಸಾಕಾಗಿದ್ದೀನಿ, ಇನ್ನು ತೊಂದ್ರೆ ಕೊಡಲ್ಲ."

ತಂಗಿ ಓಡಿಹೋಗಿ ರಿಪೇರಿಯವನನ್ನ ಕರ್ಕೊಂಡು ಬಂದ್ಲು. ಅವನು ಅಂಗಿ ಬಿಚ್ಚಿ ನೋಡಿ, ಏನಮ್ಮಾ, ಇದಕ್ಕೇನು ಮದುವೆ ಮಾಡ್ತಿದ್ರಾ ಅಂತ ನಕ್ಕ. ಹಳೇ ಬ್ರಷ್ಷಲ್ಲಿ ಗಂಧ ಎಲ್ಲ ಕೆರೆದು, ಆರೋಕೆ ಬಿಟ್ಟು, ತಣ್ಣಗಾದ್ಮೇಲೆ ಹಚ್ಚಿ ನೋಡಿದ. ಆದ್ರೂ ನಿಂತ್ಹೋಯ್ತು. ಶುಚಿ ಮಾಡಿ, ತಣ್ಣಗಿರೋವಾಗ್ಲೂ ನಿಲ್ಲುತ್ತೆ ಅಂದ್ರೆ ಇದರ ಆಯಸ್ಸು ಇಷ್ಟೇ ಅಂದ.

ತಂಗಿಗೆ ಮನಸ್ಸು ಬರಲಿಲ್ಲ. ನೆಟ್ಟು ನಿಂತ್ರೂ ಇದರ ದೀಪ ಉರೀತಾನೇ ಇದೆಯಲ್ಲಪ್ಪ ಅಂದ್ಲು.

"ಉರೀತಿರೋದು ನಿಮಗೆ ಕಾಣುತ್ತೆ ತಾಯಿ. ಆ ಕಡೆಯವರಿಗೆ ಏನು ಕಾಣುತ್ತೆ, ಕೇಳಿದ್ರಾ?"

ಅವಳು ಅಕ್ಕ ಬರೆದ ಆ ಎರಡು ಸಾಲನ್ನ ಮತ್ತೊಂದು ಸಲ ಓದಿದ್ಲು. ಹೊಸದು ತನ್ನಿ ಅಂದ್ಲು. ಆದ್ರೂ ಒಂದು ಹೆದರಿಕೆ ಇತ್ತು, ಮನೇಲಿರೋ ಫೋನುಗಳಿಗೆಲ್ಲ ಇದು ಪರಕೀಯ ಆಗುತ್ತಲ್ಲ ಅಂತ. ರಿಪೇರಿಯವನು ಹಳೇ ಪೆಟ್ಟಿಗೆಗಿದ್ದ ಹೆಸರನ್ನೇ ಹೊಸದಕ್ಕೂ ಇಟ್ಟ, ಪಾಸ್‌ವರ್ಡೂ ಅದೇ ಕೊಟ್ಟ. ಒಂದೊಂದೇ ಫೋನು ತಾನಾಗೇ ಬಂದು ಸೇರ್ಕೊಂಡ್ತು. ಒಂದೂ ನೀನ್ಯಾರು ಅಂತ ಕೇಳಲಿಲ್ಲ.

ಅಕ್ಕನಿಗೆ ಎಲ್ಲಾ ಬರೆದು, ಒಂದೇ ಒಂದು ಸಲ ಎತ್ತು ಅಂತ ಬೇಡ್ಕೊಂಡ್ಲು. ಮಧ್ಯಾಹ್ನ ಅಕ್ಕ ಬಂದ್ಲು, ಮುಖ ಊದಿಸ್ಕೊಂಡೇ. ಕೊನೆಗೆ ಎಡಗೈ ಎತ್ತಿದ್ಲು. ಇನ್ನೇನು ನಿಲ್ಲುತ್ತೆ ಅಂತ ತಂಗಿ ಅಭ್ಯಾಸಬಲದಿಂದ ಉಸಿರು ಹಿಡ್ಕೊಂಡ್ಲು.

ಕೈ ನಿಲ್ಲಲಿಲ್ಲ. ಹೋಗಿ ಮೂಗುಬೊಟ್ಟು ಮುಟ್ಟಿತು.

ಹಳೇ ಪೆಟ್ಟಿಗೇನ ಅವಳು ಎಸೀಲಿಲ್ಲ. ಅಂಗಿ ತೊಡಿಸಿ, ಹೊಸದರ ಪಕ್ಕದಲ್ಲೇ ಕೂರಿಸಿದ್ಲು. ಆ ವರ್ಷದ ಆಯುಧಪೂಜೇಲಿ ಗಂಧ ಕುಂಕುಮ ಎಲ್ಲಾ ಅದಕ್ಕೇ. ಹೊಸದಕ್ಕೆ ದೂರದಿಂದ ಬರೀ ಕೈ ಮುಗಿದ್ಲು.

ಮೇಷ್ಟ್ರು ಕತೆ ನಿಲ್ಲಿಸಿದ್ರು. ವಾರಿಜಾ ತಲೆ ತಗ್ಗಿಸಿ, ಹಾಗಾದ್ರೆ ನಾಳೇನೇ ಹೊಸದು ತರಿಸ್ತೀನಿ ಅಂದ್ಲು.

ಮೇಷ್ಟ್ರು ಬಗ್ಗಿ, ಚಾಪೆ ಪಕ್ಕದಲ್ಲಿ ಸಡಿಲವಾಗಿ ಬಿದ್ದಿದ್ದ ವೈರನ್ನ ತಡಕಿ ಹುಡುಕಿ, ಪೆಟ್ಟಿಗೆಗೆ ಬಿಗಿಯಾಗಿ ಸಿಕ್ಕಿಸಿದ್ರು. ಮೆಲ್ಲಗೆ ದೀಪ ಬಂತು. ಅವಳ ಕಾಲನ್ನೊಂದು ಸಲ ನೋಡಿ, ತಲೆ ಮೇಲೆ ಕೈ ಇಟ್ರು.

"ಇದು ಇನ್ನೂ ಒಂದೆರಡು ವರ್ಷ ಓಡುತ್ತೆ ಮಗಳೇ, ನಾಳೆಯಿಂದ ಪಾಠ ನೀನು ಹೇಳು, ಹೆಸರು ನನ್ನದೇ ಇರಲಿ."