ಐವತ್ತು ಕೆಬಿಯ ಮುಖ

ಒಂದು ಸೈಬರ್ ಸೆಂಟರಿನ ಮೇಜಿನ ಮೇಲೆ ಮೌಸ್ ಮತ್ತು ಹಳೆಯ ಸ್ಕ್ಯಾನರ್ ಇದ್ದವು. ಫೋಟೊ ಕುಗ್ಗಿಸುವ ಹೊಸ ವೆಬ್‌ಸೈಟೊಂದು ಅಂದು ಬೆಳಿಗ್ಗೆಯಷ್ಟೇ ಬಂದಿತ್ತು. ಅದರ ಬಣ್ಣ ಕಂಡದ್ದೇ ತಡ, ಮೌಸ್ ಐದು ನಕ್ಷತ್ರ ಒತ್ತಲು ಓಡಿತು.

"ನಿಲ್ಲು," ಎಂದಿತು ಸ್ಕ್ಯಾನರ್. "ಮೊದಲು ಒಂದು ಮುಖ ಕುಗ್ಗಿಸಿ ನೋಡು."

"ಆಗಲೇ ಸಾವಿರ ಜನ ಹೊಗಳಿದ್ದಾರೆ!"

"ಅವರಲ್ಲಿ ಬಳಸಿದವರೆಷ್ಟು?"

ಅಷ್ಟರಲ್ಲಿ ಗುಲ್ನಾರ್ ತನ್ನ ಫೋಟೊ ಹಿಡಿದು ಬಂದಳು. ನರ್ಸ್ ಕೆಲಸದ ಅರ್ಜಿಗೆ ಅಂದೇ ಕೊನೆಯ ದಿನ. ಫೋಟೊ ಐವತ್ತು ಕೆಬಿ ಮೀರುವಂತಿರಲಿಲ್ಲ. ಸ್ಕ್ಯಾನರ್ ತೆಗೆದುಕೊಟ್ಟದ್ದನ್ನು ಮೌಸ್ ಹೊಸ ವೆಬ್‌ಸೈಟಿಗೆ ಹಾಕಿತು. ಗಾತ್ರ ಇಳಿಯಿತು, ಮುಖ ಮಸುಕಾಯಿತು.

"ಅಯ್ಯೋ, ಇದು ನಾನೇನಾ?" ಎಂದಳು ಗುಲ್ನಾರ್.

"ಹಾಗಾದರೆ ಒಂದೇ ನಕ್ಷತ್ರ!" ಎಂದು ಮೌಸ್ ಸಿಡುಕಿತು.

"ಅದಕ್ಕೂ ಆತುರ ಬೇಡ," ಎಂದಿತು ಸ್ಕ್ಯಾನರ್. "ಇನ್ನೊಮ್ಮೆ ನೋಡಿಯೇ ಬಿಡೋಣ."

ಈ ಸಲ ಸ್ಕ್ಯಾನರ್ ಫೋಟೊದಲ್ಲಿ ಅವಳ ಹಿಂದಿದ್ದ ಅಗಲವಾದ ಗೋಡೆಯನ್ನು ಬಿಟ್ಟು, ಮುಖವನ್ನಷ್ಟೇ ತೆಗೆದುಕೊಟ್ಟಿತು. ಮೌಸ್ ಅದನ್ನು ಅದೇ ವೆಬ್‌ಸೈಟಿಗೆ ಹಾಕಿತು. ನಲವತ್ತೆಂಟು ಕೆಬಿಗೆ ಇಳಿದರೂ ಗಲ್ಲದ ಮಚ್ಚೆ ಸಹ ಕಂಡಿತು. ಅರ್ಜಿ ಹೋಯಿತು.

ಮೌಸ್ ನಕ್ಷತ್ರಗಳನ್ನು ಮುಟ್ಟಲಿಲ್ಲ. ಸಾವಿರ ಹೊಗಳಿಕೆಗಳ ಕೆಳಗೆ ಒಂದೇ ಸಾಲು ಹಾಕಿತು: "ಮೊದಲು ಗೋಡೆ ಕತ್ತರಿಸಿ, ಆಮೇಲೆ ಕುಗ್ಗಿಸಿ, ಮುಖ ಉಳಿಯುತ್ತದೆ."