ಕನ್ನಡಿ ಚನ್ನಂಜಪ್ಪ ನಿಲ್ಲು ಅಂದ ಜಾಗ

ಬಲು ಹಿಂದೆ, ತೊರೆಗೆ ಸೇತುವೆ ಇಲ್ಲದ ಕಾಲದಲ್ಲಿ, ತೊರೆಹಳ್ಳಿ ಅಂತ ಒಂದು ಊರಿತ್ತಂತೆ. ಇದೇ ಊರು ಕಣ್ರಪ್ಪಾ, ಆದರೂ ಕತೆ ಅಂದಮೇಲೆ ಹಿಂಗೇ ಶುರು ಮಾಡಬೇಕು.

ಮಳೆ ಬೀಳೋದು ಮೇಲೆ, ಬಂಡೆದೊಡ್ಡಿ ಬೆಟ್ಟದಲ್ಲಿ. ಇಲ್ಲಿ ಸುಡುಬಿಸಿಲು. ತೊರೆ ಒಣಗಿದೆ ಅಂತ ಇಳಿದವರ ಮೇಲೆ ನಡುದಾರೀಲಿ ನೀರು ನುಗ್ಗೋದು. ನಮ್ಮೂರ ಸಿದ್ದಾಜಮ್ಮನ ಗಂಡ ಹಂಗೇ ಹೋದ, ಪಾಪ. ಆಮೇಲೆ ಸರ್ಕಾರ ಕಣ್ಣು ಬಿಟ್ಟಿತು. ಬಂಡೆದೊಡ್ಡೀಲಿ ಒಂದು ವೈರ್‌ಲೆಸ್ ಕಂಬ, ತೊರೆಹಳ್ಳೀಲಿ ಒಂದು. ಮೇಲೆ ನೀರು ಕಂಡ ಕೂಡಲೆ ಕೆಳಗೆ ಹೇಳಬೇಕು. ಕಂಬಕ್ಕೆ ಜಾಗ ನೋಡೋಕೆ ಬಂದವನೇ ಚನ್ನಂಜಪ್ಪ.

ಅವನ ಕೈಲಿ ಮೊರದಷ್ಟು ಅಗಲದ ಕನ್ನಡಿ ಇತ್ತಂತೆ. ಅಂಗೈಯಗಲ ಅನ್ನೋರೂ ಇದ್ದಾರೆ, ಅವರ ಮಾತು ಬಿಡಿ. ಜಾಗ ನೋಡೋದರಲ್ಲಿ ಅವನು ಸೊಸೆ ಹುಡುಕೋ ಅತ್ತೆಗಿಂತ ಕಷ್ಟ. ಗಾಳಿ ಯಾವ ಕಡೆಯಿಂದ ಹೊಡೆಯುತ್ತೆ ಅಂತ ಕೇಳಿದ. ಸಿಡಿಲು ಯಾವ ಮರಕ್ಕೆ ಬಡಿದಿತ್ತು ಅಂತ ಕೇಳಿದ. ಸಿಡಿಲು ಬಡಿದರೆ ನೆಲಕ್ಕಿಳಿದು ಹೋಗಲಿ ಅಂತ ಗುಂಡಿ ತೋಡಿಸಿ ಉಪ್ಪು, ಇದ್ದಿಲು ತುಂಬಿಸಿದ. ನೆಲಕ್ಕೂ ಉಪ್ಪು ಬೇಕೇನಪ್ಪಾ ಅಂತ ಹೆಂಗಸರು ನಕ್ಕರಂತೆ.

ಎಲ್ಲಕ್ಕಿಂತ ದೊಡ್ಡದು ಕನ್ನಡಿ ಕೆಲಸ. ಅವನು ಮೇಲೆ ನಿಂತು ಬಿಸಿಲು ಹಾಯಿಸೋದು, ಕೆಳಗೆ ಸಿದ್ದಾಜಮ್ಮ ಇನ್ನೊಂದು ಕನ್ನಡಿ ಹಿಡಿದು ಬೆಳಕು ಹುಡುಕುತ್ತಾ ಓಡಾಡೋದು. ನಡುವೆ ಮರ, ಗುಡ್ಡ ಏನೂ ಅಡ್ಡ ಬರಬಾರದು. ಬೆಳಕು ಹಾಯ್ದರೆ ಮಾತೂ ಹಾಯುತ್ತೆ ಅನ್ನೋನಂತೆ. ಅವಳ ಬೆಳಕು ಕಂಡ ಕೂಡಲೆ ಅವನು ಕನ್ನಡಿಯನ್ನ ಗಡಗಡ ಅಲ್ಲಾಡಿಸೋನು. ಅಂದರೆ, ನಿಂತ ಜಾಗ ಬಿಡಬೇಡ. ಅಲ್ಲೇ ಕಂಬದ ಗುರುತಿಗೆ ಗೂಟ ಬೀಳೋದು.

ಕಂಬ ಎದ್ದ ದಿನ ಅವಳ ಮನೇಲಿ ಉಂಡು, ಇನ್ನು ತೊರೆ ನಿಮ್ಮನೆಯವರನ್ನ ಮುಟ್ಟಲ್ಲ ಕಣಕ್ಕಾ, ಅದು ನನ್ನ ಜವಾಬ್ದಾರಿ ಅಂತ ಮಾತು ಕೊಟ್ಟನಂತೆ. ಆ ಮಾತು ನಂಬಿ ಅವಳು ಆಚೆ ದಡದ ಊರಿಗೆ ಮಗಳನ್ನ ಕೊಡೋಕೆ ಒಪ್ಪಿದಳು.

ಆದರೆ ಅವನು ಜಾಗ ನೋಡಿದ್ದು ಬೇಸಿಗೇಲಿ. ಕಾಡೆಲ್ಲಾ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಬಯಲುಸೀಮೆಯವನು, ಮಳೆಗೆ ಎಲೆ ಚಿಗುರುತ್ತೆ ಅಂತ ಹೊಳೀಲಿಲ್ಲ. ನಮ್ಮವರಿಗಾದರೂ ಹೊಳೀಬೇಕಿತ್ತಲ್ಲಾ? ಎಲ್ಲರೂ ಕನ್ನಡಿ ನೋಡ್ತಾ ಮೈಮರೆತಿದ್ದರು.

ಮುಂಗಾರು ಬಿದ್ದದ್ದೇ ತಡ, ತೇಗ ಮೊರದಂಥ ಎಲೆ ಬಿಟ್ಟಿತು. ವೈರ್‌ಲೆಸ್ ಗೊರಗೊರ ಅನ್ನೋಕೆ ಹತ್ತಿತು. ಏನಾಯ್ತು ನೋಡೋಣ ಅಂತ ಚನ್ನಂಜಪ್ಪ ಬಂಡೆದೊಡ್ಡಿಗೆ ಬಂದ ದಿನವೇ ಬೆಟ್ಟದ ನೆತ್ತಿ ಮೇಲೆ ಮಳೆ ಸುರೀತು. ಅವನ ಕಣ್ಣೆದುರೇ ಕೆನ್ನೀರು ಉರುಳಿ ಕೆಳಕ್ಕೆ ಹೋಯಿತು. ಅವತ್ತೇ ಸಿದ್ದಾಜಮ್ಮನ ಮಗಳ ದಿಬ್ಬಣ. ಕೂಗಿದ, ಕೂಗಿದ, ಗೊರಗೊರ ಬಿಟ್ಟು ಏನೂ ಇಲ್ಲ. ಎದುರಿಗೆ ಹಸಿರು ಗೋಡೆ ಕಂಡಾಗ ಅವನಿಗೆ ತನ್ನ ತಪ್ಪು ತಿಳೀತು.

ಮರಕ್ಕಿಂತ ಎತ್ತರ ಇದ್ದದ್ದು ಬಂಡೆದೊಡ್ಡಿ ಊರ ಹಿಂದಿನ ಹೆಬ್ಬಂಡೆ ಒಂದೇ. ಕನ್ನಡಿ ಬೆನ್ನಿಗೆ ಕಟ್ಟಿಕೊಂಡು ಹತ್ತಿದನಂತೆ. ಕಾಲು ಜಾರಿದಲ್ಲಿ ಬಂಡೆಯೇ ಮೆಟ್ಟಿಲು ಕೊಟ್ಟಿತು ಅಂತಾರೆ. ಮೋಡದ ಸಂದೀಲಿ ತುಸು ಬಿಸಿಲು ಇಣುಕಿತು. ಅಷ್ಟೇ ಸಾಕಾಯ್ತು. ಅವನು ಕನ್ನಡಿ ಅಲ್ಲಾಡಿಸಿದ. ಕೈ ಸೋತರೂ ಅಲ್ಲಾಡಿಸಿದ.

ಕೆಳಗೆ ದಿಬ್ಬಣ ದಡದಿಂದ ಮರಳಿಗೆ ಇಳಿಯೋದರಲ್ಲಿತ್ತು. ತೊರೇಲಿ ಒಂದು ಹನಿ ನೀರಿಲ್ಲ. ಸಿದ್ದಾಜಮ್ಮ ತಲೆ ಎತ್ತಿದರೆ ಬೆಟ್ಟದಲ್ಲಿ ಬೆಳಕು ಗಡಗಡ ನಡುಗ್ತಾ ಇದೆ. ಅವಳು ಓಡಿಹೋಗಿ ಮಗಳ ಎದುರಿಗೆ ಅಡ್ಡ ಕೂತುಬಿಟ್ಟಳು.

"ನಿಂತ ಜಾಗ ಬಿಡಬೇಡಿ. ಚನ್ನಂಜಣ್ಣ ನಿಲ್ಲು ಅಂತಾವ್ನೆ."

ಮುಹೂರ್ತ ಮೀರುತ್ತೆ ಅಂತ ಬೀಗರು ರೇಗಿದರು. ಅವಳು ಏಳಲಿಲ್ಲ. ಅವರು ಬೈದು ಮುಗಿಸೋ ಮೊದಲೇ ತೊರೆ ಬಂತು, ಮರದ ದಿಮ್ಮಿ ಉರುಳಿಸ್ತಾ ಬಂತು. ಆಮೇಲೆ ಯಾರೂ ಮುಹೂರ್ತದ ಮಾತೆತ್ತಲಿಲ್ಲ.

ನೀರಿಳಿದ ಮೇಲೆ ಚನ್ನಂಜಪ್ಪ ಬಂದು, ತಪ್ಪು ನಂದೇ ಕಣಕ್ಕಾ ಅಂತ ಅತ್ತನಂತೆ. ಅವಳು ಬಾಯಿಗೆ ಬಂದಂಗೆ ಬೈದಳಂತೆ, ಆಮೇಲೆ ಎಲೆ ಹಾಕಿ ಬಡಿಸಿದಳಂತೆ. ಅವನು ಬಂಡೆದೊಡ್ಡಿ ಕಂಬ ಕೀಳಿಸಿ ಹೆಬ್ಬಂಡೆ ಮೇಲೆ ನಿಲ್ಲಿಸಿದ. ಅಲ್ಲಿಂದಾಚೆಗೆ ಎಲ್ಲಿ ಹೋದರೂ ಮಳೆಗಾಲ ಕಾಣದೆ ಗೂಟ ಹೊಡೀತಿರಲಿಲ್ಲ ಅಂತಾರೆ.

ಈಗ ಸೇತುವೆ ಇದೆ, ಎಲ್ಲರ ಜೇಬಲ್ಲೂ ಫೋನಿದೆ. ಆದರೂ ನಮ್ಮೂರ ದಿಬ್ಬಣ ತೊರೆ ದಡದಲ್ಲಿ ನಿಲ್ಲುತ್ತೆ. ಮದುವಣಗಿತ್ತಿ ಹೆಬ್ಬಂಡೆ ಕಡೆಗೆ ಕನ್ನಡಿ ಹಿಡೀತಾಳೆ. ಮೇಲಿನ ಊರಿನವರು ಅಲ್ಲಿಂದ ಬೆಳಕು ಬಿಡ್ತಾರೆ. ಬೆಳಕು ನಡುಗಿದರೆ ನಿಲ್ಲಬೇಕು, ನಡುಗದಿದ್ದರೆ ನಡೀಬೇಕು. ಮೋಡ ಮುಚ್ಚಿದ್ದರೆ ಎಲ್ಲರೂ ಅಲ್ಲೇ ಕೂತು ಕಾಯ್ತಾರೆ. ಮುಹೂರ್ತ ಮೀರಿದರೂ ಬೀಗರು ತುಟಿ ಬಿಚ್ಚಲ್ಲ.